ಹಾಲುವಾಣದ ಗೂಟಗಳು

ಅವರ ತಲೆ ಯಾವಾಗಲೂ ಹಿಂದಕ್ಕೆ ವಾಲಿಕೊಂಡೇ ಇರುತ್ತಿತ್ತು. ಗದ್ದ ಮುಂದೆ, ಕಣ್ಣು ಮೇಲೆ. ಎದುರಿಗೆ ನಿಂತು ಮಾತಾಡಿಸಿದರೆ, ನಮ್ಮ ನೆತ್ತಿಯಿಂದ ಒಂದು ಮೊಳ ಮೇಲೆ ಇನ್ಯಾರೋ ಇದ್ದಾರೆ, ಇವರು ಉತ್ತರ ಕೊಡುತ್ತಿರುವುದು ಅವರಿಗೇ ಎಂದು ಅನ್ನಿಸಬೇಕು. ಮೊದಲ ದಿನವೇ ನನಗೆ ಪಿತ್ತ ನೆತ್ತಿಗೇರಿತ್ತು. ಪುರಸಭೆಗೆ ಹೊಸದಾಗಿ ಬಂದ ಕಿರಿಯ ಇಂಜಿನಿಯರ್ ನಾನು. ಪಾರ್ಕಿನ ಮಾಲಿ ನನ್ನ ಮುಖವನ್ನೇ ನೋಡುವುದಿಲ್ಲ ಅಂದರೆ ಏನರ್ಥ! ಆಮೇಲೆ ಯಾರೋ ಹೇಳಿದರು, ಅವರು ಅತ್ತಿಗುಂಡಿ ಕಡೆ ಎಸ್ಟೇಟೊಂದರಲ್ಲಿ ಬಹಳ ವರ್ಷ ಮರಗಸಿ ಮಾಡಿಸಿದ ಮೇಸ್ತ್ರಿ ಅಂತ. ಕಾಫಿ ಗಿಡಕ್ಕೆ ಬೆಳಕು ಬೀಳಲಿ ಎಂದು ಮಳೆಗಾಲಕ್ಕೆ ಮುಂಚೆ ನೆರಳು ಮರಗಳ ಕೊಂಬೆ ಸವರುವುದೇ ಮರಗಸಿ. ಆಳುಗಳು ಕತ್ತಿ ಹಿಡಿದು ಮರದ ಮೇಲೆ, ಮೇಸ್ತ್ರಿ ಕೆಳಗೆ. 'ಅದನ್ನ ಬಿಡು, ಆಚೇದು ತೆಗಿ' ಎಂದು ಕೂಗುತ್ತಾ ಕೂಗುತ್ತಾ ಮೇಲೆ ಹೋದ ಆ ಕತ್ತು ಮತ್ತೆ ಕೆಳಗಿಳಿಯಲೇ ಇಲ್ಲ.

ಊರಿಗೆಲ್ಲ ಅವರು ಮೇಸ್ತ್ರಿಯೇ. ಮಾಲಿ ಅಂತ ಕರೆದರೆ ತಿರುಗಿಯೂ ನೋಡುತ್ತಿರಲಿಲ್ಲ.

ಅವರು ಕೂತದ್ದನ್ನು ನಾನು ನೋಡಿಲ್ಲ. ಪಾರ್ಕಿನ ತುಂಬಾ ಕಲ್ಲುಬೆಂಚು, ಆದರೆ ಚಹಾ ಕುಡಿಯುವುದೂ ನಿಂತೇ, ಊಟವೂ ಬುತ್ತಿ ಕೈಯಲ್ಲಿ ಹಿಡಿದು ಓಡಾಡಿಕೊಂಡೇ. "ಒಂದು ಗಳಿಗೆ ಕೂತ್ಕೊಳ್ಳಿ ಮೇಸ್ತ್ರಿ" ಅಂದರೆ, "ಕೂತ್ರೆ ಕೆಲಸ ಕಾಣಲ್ಲಮ್ಮ, ಬರೀ ಕೆಲಸ ಮಾಡೋರು ಕಾಣ್ತಾರೆ" ಅನ್ನುತ್ತಿದ್ದರು. ನನಗೂ ಒಂದು ಕಡೆ ನಿಲ್ಲುವ ಜಾಯಮಾನವಿಲ್ಲ. ನಾವಿಬ್ಬರೂ ಸೇರಿದರೆ ನೋಡುವವರಿಗೇ ತಲೆ ಸುತ್ತಬೇಕು.

ಬೆಳಿಗ್ಗೆ ಆರಕ್ಕೆ ಗೇಟಿನಲ್ಲಿ ನಿಂತು, ಎಸ್ಟೇಟಿನಲ್ಲಿ ಆಳುಗಳ ಹಾಜರಿ ತೆಗೆದುಕೊಂಡ ಹಾಗೆ ವಾಕಿಂಗ್ ಬರುವವರ ಹಾಜರಿ ತೆಗೆದುಕೊಳ್ಳುತ್ತಿದ್ದರು. "ಎಂತ ಮಾರಾಯ್ರೆ, ನಿನ್ನೆ ಪತ್ತೆನೇ ಇಲ್ಲ?" ನಿವೃತ್ತ ಬ್ಯಾಂಕಿನವರಾಗಲಿ, ಡಾಕ್ಟರಾಗಲಿ, ಎಲ್ಲರೂ ಕಾರಣ ಹೇಳಿಯೇ ಒಳಗೆ ಹೋಗಬೇಕು. ಒಮ್ಮೆ ಒಂಟಿಯಾಗಿದ್ದ ಟೀಚರಮ್ಮ ಒಬ್ಬರು ಎರಡು ದಿನ ಬರಲಿಲ್ಲ. ಮೂರನೇ ದಿನ ಇವರೇ ಮನೆ ಹುಡುಕಿಕೊಂಡು ಹೋಗಿ, ಜ್ವರದಲ್ಲಿ ಬಿದ್ದಿದ್ದವರನ್ನು ಆಟೊದಲ್ಲಿ ಆಸ್ಪತ್ರೆಗೆ ಸಾಗಿಸಿದರು. ಟೀಚರಮ್ಮ ವಾಪಸು ಬಂದಾಗ ಮೇಸ್ತ್ರಿ ಹೇಳಿದ್ದು, "ರಜಾ ಬೇಕಾದ್ರೆ ಮೊದಲೇ ಹೇಳ್ಬೇಕು!"

ಆ ಪಾರ್ಕು ಊರಿಗೆ ಸಾಲದಾಗಿತ್ತು. ಬೆಳಗಿನ ಹೊತ್ತು ಒಬ್ಬರ ಹಿಮ್ಮಡಿ ಇನ್ನೊಬ್ಬರು ತುಳಿಯಬೇಕು. ದೊಡ್ಡದು ಮಾಡಬೇಕು ಅನ್ನುವುದಕ್ಕೆ ಊರೆಲ್ಲ ಒಪ್ಪಿತ್ತು. ಯಾವ ಕಡೆಗೆ ಅನ್ನುವಲ್ಲಿ ಮಾತ್ರ ಯಾವ ಇಬ್ಬರ ಮಾತೂ ಸೇರುತ್ತಿರಲಿಲ್ಲ. ಎಡಕ್ಕೆ ಸಂತೆ ಮೈದಾನ. ಅದನ್ನು ಮುಟ್ಟಿದರೆ ತರಕಾರಿಯವರು ಸುಮ್ಮನೆ ಬಿಟ್ಟಾರೆಯೇ? ಕೆಳಗೆ ಪಾಳುಬಿದ್ದ ಗದ್ದೆ. ಮಳೆಗಾಲದಲ್ಲಿ ಅಲ್ಲಿ ಮೊಣಕಾಲುದ್ದ ನೀರು. ಹಿಂದೆ, ಕಾಫಿ ತೋಟಗಳಲ್ಲಿ ನೆರಳಿಗೆ ಬೆಳೆಸುವ ಹಾಲುವಾಣದ ತೋಪು. ಮೇಸ್ತ್ರಿ ಈ ಕೆಲಸಕ್ಕೆ ಸೇರಿದ ವರ್ಷ ಒಂದೊಂದೇ ಗೂಟ ನೆಟ್ಟು ಬೆಳೆಸಿದ ತೋಪು ಅದು. ಸಂತೆಯ ದಿನ ಮಾರುವ ಹೆಂಗಸರು ಮಧ್ಯಾಹ್ನ ಬುತ್ತಿ ಬಿಚ್ಚುತ್ತಿದ್ದದ್ದು ಅದರ ನೆರಳಲ್ಲೇ. ಆದರೆ ಹೊಸ ಪಾರ್ಕಿನ ನಕ್ಷೆಯಲ್ಲಿ ಕಾರಂಜಿ ಇತ್ತು, ವ್ಯಾಯಾಮದ ಸಲಕರಣೆ ಇತ್ತು, ಎರಡು ಸಿಮೆಂಟಿನ ಜಿಂಕೆ ಇದ್ದವು. ಅವಕ್ಕೆಲ್ಲ ಬಯಲು ಬೇಕು. ಹಸಿ ಮರ ಕಡಿಯಬೇಕಾದರೆ ಅನುಮತಿ, ಆಕ್ಷೇಪಣೆ, ವಿಚಾರಣೆ ಅಂತ ವರ್ಷಗಟ್ಟಲೆ ರಗಳೆ. ಹಾಗಾಗಿ ಯಾರೂ ಆ ಕಡೆ ಬೆರಳು ತೋರಿಸುವ ಧೈರ್ಯ ಮಾಡಿರಲಿಲ್ಲ. ಮೂರು ತಿಂಗಳಿಂದ ಅದೇ ಕಡತ, ಅದೇ ಜಗಳ. ನನಗಂತೂ ಊಟ ಸೇರುತ್ತಿರಲಿಲ್ಲ.

ಮೇ ತಿಂಗಳಲ್ಲಿ ಮೇಸ್ತ್ರಿ ವರ್ಷದ ಪದ್ಧತಿಯಂತೆ ತೋಪಿಗೆ ಮರಗಸಿ ಮಾಡಿಸಿದರು. ಪಾರ್ಕಿನಲ್ಲಿ ಕಾಫಿ ಗಿಡ ಎಲ್ಲಿದೆ ಅಂತ ಕೇಳಬೇಡಿ. ಮಳೆಗಾಲದ ಮೊದಲು ಮರ ಹಗುರವಾಗದಿದ್ದರೆ ಅವರಿಗೆ ಮೈಮೇಲೆ ಚೇಳು ಬಿಟ್ಟ ಹಾಗೆ. ಕೊಂಬೆಗಳನ್ನೆಲ್ಲ ಬೋಳಿಸಿ, ನೇರವಾದವನ್ನು ಆರಿಸಿ ಶೆಡ್ಡಿನ ನೆರಳಲ್ಲಿ ಒರಗಿಸಿಟ್ಟು, ಮಗಳ ಬಾಣಂತನ ಅಂತ ಕಳಸಕ್ಕೆ ಹೋದರು.

ಅದೇ ವಾರ ಜಾಗ ನೋಡಲು ಜಿಲ್ಲೆಯಿಂದ ಹಿರಿಯ ಅಧಿಕಾರಿಯೊಬ್ಬರು ಬಂದರು. ಬಯಲುಸೀಮೆಯವರು. ತೋಪಿನ ಮುಂದೆ ನಿಂತವರು ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದರು. ಒಂದು ಎಲೆ ಇಲ್ಲ, ಬೋಳು ಕಾಂಡಗಳು. "ಇದೇನ್ರೀ, ಎಲ್ಲಾ ಒಣಗಿ ನಿಂತಿವೆ! ಒಣ ಮರಕ್ಕೆ ಯಾರ ತಕರಾರು? ಇದೇ ಜಾಗ ಅಂತ ಬರೀರಿ, ಮುಗೀತು."

ವರದಿಯ ನಮೂನೆ ನನ್ನ ಕೈಯಲ್ಲಿತ್ತು. 'ಮರಗಳ ಸ್ಥಿತಿ' ಅಂತ ಒಂದು ಕಲಂ.

ನಾನು ಕಾಫಿ ಸೀಮೆಯ ಗೋಣಿಬೀಡಿನವಳು. ಅಪ್ಪನಿಗೆ ಅಲ್ಲಿ ಅಂಗಡಿ. ಮರಗಸಿ ಕಾಲ ಬಂದರೆ ಕತ್ತಿ, ಹಗ್ಗ, ಟಾರ್ಪಾಲು ಅಂತ ಬರುವವರಿಗೆ ಸಾಮಾನು ಕಟ್ಟಿಕೊಟ್ಟೇ ದೊಡ್ಡವಳಾದೆ. ಸವರಿದ ಹಾಲುವಾಣ ಹೇಗಿರುತ್ತದೆ, ಸತ್ತ ಹಾಲುವಾಣ ಹೇಗಿರುತ್ತದೆ ಅಂತ ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳಿಯೇನು. ಬಾಯಿ ಬಿಟ್ಟು ಒಂದು ಮಾತು ಹೇಳಿದ್ದರೆ ಆಗುತ್ತಿತ್ತು. ಹೇಳಲಿಲ್ಲ. ದೊಡ್ಡವರ ಮಾತಿಗೆ ಎದುರಾಡುವ ಭಯ ಒಂದು ಕಡೆ, ಈ ಪೀಡೆ ಕಡತ ಹಾಳಾಗಿ ಹೋಗಲಿ ಅನ್ನುವ ಅವಸರ ಇನ್ನೊಂದು ಕಡೆ. ಬರೆದೆ: 'ಒಣಗಿವೆ.' ಕೆಳಗೆ ಸಹಿ ಹಾಕಿದೆ. ಈಗ ನೆನೆಸಿಕೊಂಡರೂ ನಾಚಿಕೆಯಿಂದ ಕಿವಿ ಬಿಸಿಯಾಗುತ್ತದೆ.

ಮೇಸ್ತ್ರಿ ಕಳಸದಿಂದ ಬಂದವರೇ ಸುದ್ದಿ ಕೇಳಿ ನೇರ ಆಫೀಸಿಗೆ ಬಂದರು. ಕುರ್ಚಿ ತೋರಿಸಿದೆ, ಕೂರಲಿಲ್ಲ. ಆ ಕತ್ತನ್ನು ಕಷ್ಟಪಟ್ಟು, ಒಂದು ಕೈಯಲ್ಲಿ ಹಿಂದಲೆ ಹಿಡಿದು ಕೆಳಗಿಳಿಸಿ, ಮೊದಲ ಸಲ ನನ್ನ ಮುಖ ನೋಡಿದರು.

"ಇಂಜಿನಿಯರಮ್ಮಾ, ನೀವು ಗೋಣಿಬೀಡಿನೋರಲ್ವಾ?"

"ಹೌದು ಮೇಸ್ತ್ರಿ."

"ಹಾಂ" ಅಂದರು. ಅಷ್ಟೇ, ಹೊರಟುಹೋದರು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಅವತ್ತೇ ನಮ್ಮ ಮುಖ್ಯಾಧಿಕಾರಿಯ ಕೋಣೆಗೆ ಹೋಗಿ, "ಸರ್, ಆ ಮರಗಳು ಸತ್ತಿಲ್ಲ" ಅಂದೆ. ಅವರು ಕಡತ ಬಿಡಿಸಿ ನನ್ನ ಸಹಿ ತೋರಿಸಿದರು. "ಬರೆದವರು ನೀವೇ. ಈಗ ನಾಲಿಗೆ ಹೊರಳಿಸಿದರೆ ಸಾಕ್ಷಿ ಏನಮ್ಮಾ? ಜೂನ್ ಎರಡನೇ ವಾರ ಸದಸ್ಯರೆಲ್ಲ ಜಾಗಕ್ಕೇ ಬಂದು ತೀರ್ಮಾನ ಮಾಡ್ತಾರೆ. ಅಷ್ಟರಲ್ಲಿ ಗಡಿ ಗುರುತು ಹಾಕಿಸಿಡಿ."

ಗಡಿ ಗುರುತಿಗೆ ಗೂಟ ಬೇಕು. ಮೇಸ್ತ್ರಿಯನ್ನು ಕೇಳುವ ಮುಖ ನನಗಿರಲಿಲ್ಲ. ಆದರೆ ಟೇಪು ಹಿಡಿದು ತೋಪಿಗೆ ಹೋದಾಗ ಮೇಸ್ತ್ರಿ ಆಗಲೇ ಶೆಡ್ಡಿನಿಂದ ಒಂದು ಹೊರೆ ತಂದು ಹಾಕಿದ್ದರು. ಸವರಿದ ಆ ಹಾಲುವಾಣದ್ದೇ ಕೊಂಬೆಗಳು, ಎದೆಮಟ್ಟಕ್ಕೆ ಕಡಿದವು.

"ಒಣ ಮರದ್ದೇ ಅಲ್ವಾ ಅಮ್ಮಾ, ತಗೊಳ್ಳಿ" ಅಂದರು ಆಕಾಶ ನೋಡುತ್ತಾ.

ನನಗೆ ಅರ್ಥವಾಗದೇ ಇರುತ್ತದೆಯೇ! ಹಾಲುವಾಣದ ಗೂಟವನ್ನು ಬೇಲಿಗೆ ನೆಟ್ಟರೆ ಅದು ಚಿಗುರಿ ಮರವಾಗುವುದು ನಮ್ಮ ಕಡೆ ಚಿಳ್ಳೆಪಿಳ್ಳೆಗಳಿಗೂ ಗೊತ್ತು. ಒಂದು ಸಲ ಬಾಯಿ ಮುಚ್ಚಿಕೊಂಡು ಕೆಡಿಸಿದ್ದೆ. ಈ ಸಲವೂ ಮುಚ್ಚಿಕೊಂಡೇ ಗೂಟ ಎತ್ತಿಕೊಂಡೆ. ಸುತ್ತಿಗೆ ತಂದಿದ್ದ ಆಳನ್ನು ಮೇಸ್ತ್ರಿ ಗದರಿ ಓಡಿಸಿದರು. ಹೊಡೆದರೆ ಗೂಟ ಸೀಳಿ ಸಾಯುತ್ತದೆ, ಹಾರೆಯಲ್ಲಿ ಗುಳಿ ತೆಗೆದು, ಗೂಟ ಇಳಿಸಿ, ಮಣ್ಣು ತುಳಿಯಬೇಕು. "ತಲೆಕೆಳಗು ನಿಲ್ಲಿಸಬೇಡಿ ಅಮ್ಮಾ. ಬುಡ ಯಾವುದು, ತುದಿ ಯಾವುದು ನೋಡ್ಕೊಳ್ಳಿ." ಸಂಜೆಯ ಹೊತ್ತಿಗೆ ನನ್ನ ನಕ್ಷೆಯ ಗೆರೆಯುದ್ದಕ್ಕೂ ಗೂಟ ನಿಂತವು.

ಆಮೇಲೆ ಮಳೆಗೆ ಕಾಯುವುದು. ಅಬ್ಬಾ, ಆ ದಿನಗಳು! ಮೋಡ ಕಟ್ಟುವುದು, ಗಾಳಿ ಬೀಸುವುದು, ಕರಗಿ ಹೋಗುವುದು. ಜೂನ್ ಒಂದು, ಎರಡು, ಮೂರು. ನಾನು ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಗೂಟಗಳ ಮುಂದೆ ಕುಕ್ಕರಗಾಲಲ್ಲಿ ಕೂತು ಸಿಪ್ಪೆ ತಡವುತ್ತಿದ್ದೆ. ಮೇಸ್ತ್ರಿ ಆ ಸಾಲಿನುದ್ದ ಹೋಗುವುದು, ಬರುವುದು. "ಕುದುರೆಮುಖದ ಕಡೆ ಹೊಡೀತಿದೆಯಂತೆ. ಇಲ್ಲಿಗೇನು ಅದಕ್ಕೆ ದಾರಿ ಗೊತ್ತಿಲ್ವಾ?" ಅಂತ ಮೋಡಕ್ಕೇ ಬೈಯುವರು. ನಾನು ಬಿಂದಿಗೆಯಲ್ಲಿ ನೀರು ತಂದರೆ ಅದಕ್ಕೂ ಬೈದರು: "ನೀರು ಹಾಕಿದ್ರೆ ನಾವು ಚಿಗುರ್ಸಿದ್ವಿ ಅಂತಾರೆ. ಅದು ತಾನೇ ಚಿಗುರ್ಬೇಕು."

ಐದನೇ ತಾರೀಕು ಮಧ್ಯಾಹ್ನ ಮಳೆ ಹಿಡಿಯಿತು. ಹಿಡಿದದ್ದು ಬಿಡಲಿಲ್ಲ.

ಸದಸ್ಯರು ಕೊಡೆ ಹಿಡಿದು ತೋಪಿಗೆ ಬಂದ ದಿನ ನನ್ನ ಗಡಿಯ ಗೂಟಗಳ ಮೈತುಂಬ ಹಸಿರು ಮೊಳಕೆ, ಕೆಲವಕ್ಕೆ ಮೂರು ಮೂರು ಎಲೆ. ಒಳಗಿನ ಬೋಳು ಮರಗಳೂ ಕಣ್ಣು ಬಿಟ್ಟಿದ್ದವು. ಎಸ್ಟೇಟಿನ ಕೂಲಿ ಲೈನಿನಲ್ಲಿ ಹುಟ್ಟಿ ಬೆಳೆದ ಸದಸ್ಯೆಯೊಬ್ಬರು ಒಂದು ಗೂಟ ಮುಟ್ಟಿ ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕರು. "ಅಯ್ಯೋ, ಗೂಟನೇ ಚಿಗುರಿ ನಿಂತಿದೆ, ಮರ ಸತ್ತಿದೆಯಂತೆ! ಯಾವ ಪುಣ್ಯಾತ್ಮರು ಬರೆದದ್ದು?"

"ನಾನು" ಅಂದೆ. "ಗೊತ್ತಿದ್ದೂ ತಪ್ಪು ಬರೆದೆ."

ಎಲ್ಲರೂ ನನ್ನ ಕಡೆ ತಿರುಗಿದರು. ಮೇಸ್ತ್ರಿ ಮಾತ್ರ ಯಾವುದೋ ಕೊಂಬೆ ನೋಡುತ್ತಿದ್ದರು. ನನಗೆ ನೋಟಿಸು ಬಂತು, ಉತ್ತರ ಕೊಟ್ಟೆ, ಅನುಭವಿಸಿದೆ. ತೋಪನ್ನು ಇದ್ದ ಹಾಗೇ ಪಾರ್ಕಿಗೆ ಸೇರಿಸಿ ನಡುವೆ ಮಣ್ಣಿನ ದಾರಿ ಮಾಡುವುದೆಂದು ತೀರ್ಮಾನವಾಯಿತು. ಸಿಮೆಂಟಿನ ಜಿಂಕೆಗಳು ಆಫೀಸಿನ ಅಂಗಳಕ್ಕೆ ಬಂದವು. ಇವತ್ತೂ ಅಲ್ಲೇ ಇವೆ.

ಇಷ್ಟಕ್ಕೇ ಮುಗಿದಿದ್ದರೆ ಚೆನ್ನಾಗಿತ್ತು. ಮರಗಳ ಮೇಲೆ ದಿಢೀರನೆ ಪ್ರೀತಿ ಉಕ್ಕಿದ ಪುರಸಭೆ 'ಕೊಂಬೆ ಕಡಿಯುವುದನ್ನು ನಿಷೇಧಿಸಿದೆ' ಅಂತ ಬೋರ್ಡು ಹಾಕಿಬಿಟ್ಟಿತು. ಮೇಸ್ತ್ರಿಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. "ಮೊದಲು ಸತ್ತಿದೆ ಅಂದ್ರು, ಈಗ ಮುಟ್ಟಬೇಡ ಅಂತಾರೆ. ಭಾರ ಇಳಿಸ್ದೆ ಹೋದ್ರೆ ಗಾಳಿಗೆ ಮುರ್ಕೊಂಡು ಯಾರ ತಲೆ ಮೇಲಾದ್ರೂ ಬೀಳ್ತಾವೆ ಮಾರಾಯ್ರೆ!" ಕಂಡಕಂಡವರಿಗೆಲ್ಲ ಹೇಳಿದರು. ಯಾರೂ ಕೇಳಲಿಲ್ಲ. ಅಷ್ಟರಲ್ಲಿ ನನಗೆ ವರ್ಗವಾಯಿತು. ವರ್ಷಕ್ಕೊಮ್ಮೆ ಮಳೆ ಹತ್ತಿರ ಬಂದಾಗ ಅವರ ಫೋನು ಬರುತ್ತಿತ್ತು. "ನಿಮ್ಮ ಗೂಟಗಳು ನನ್ನ ದಾಟಿ ಮೇಲೆ ಹೋದ್ವು ಅಮ್ಮಾ. ಒಂದ್ಸಲ ಬಂದು ನೋಡ್ಕೊಂಡು ಹೋಗಿ. ಹಾಗೇ ಆ ಬೋರ್ಡಿನವರಿಗೆ ಎರಡು ಮಾತು ಹೇಳಿ." ಬರುತ್ತೇನೆ ಅನ್ನುತ್ತಿದ್ದೆ. ಹೋಗಲಿಲ್ಲ. ಊರೆಲ್ಲ ಅಲೆಯುವ ನನಗೆ ಅಲ್ಲಿಗೆ ಹೋಗಲು ಮಾತ್ರ ಪುರಸೊತ್ತಿರಲಿಲ್ಲ.

ಹೋದ ಮಳೆಗಾಲದಲ್ಲಿ ಕಳಸದ ಮಗಳ ಮನೆಯಲ್ಲಿ ಅವರು ತೀರಿಕೊಂಡರು. ನನಗೆ ತಿಳಿದದ್ದು ತಿಂಗಳಾದ ಮೇಲೆ. ಹೋಗಿ ಆ ಮಗಳನ್ನು ಕಂಡೆ. "ಜೀವ ಹೋದ್ಮೇಲೇ ಅಕ್ಕಾ, ಅಪ್ಪನ ಕತ್ತು ನೆಟ್ಟಗಾದದ್ದು" ಅಂದಳು. ನಾನು ಅವಳ ಮುಂದೆಯೇ ಅತ್ತುಬಿಟ್ಟೆ.

ಬರುವಾಗ ಪಾರ್ಕಿಗೆ ಹೋದೆ. ಗೇಟಿನಲ್ಲಿ ಎಲ್ಲಿ ಹೋಗಿದ್ದೆ ಅಂತ ಕೇಳುವವರಿರಲಿಲ್ಲ. ಗೂಟಗಳು ಮರವಾಗಿ ಸಾಲಾಗಿ ನಿಂತಿದ್ದವು. ನಡುವೆ ಒಂದು ಜಾಗ ಮಾತ್ರ ಖಾಲಿ. ಅವಸರದಲ್ಲಿ ನಾನು ತಲೆಕೆಳಗಾಗಿ ನಿಲ್ಲಿಸಿದ ಗೂಟ ಅಲ್ಲೇ ಕೊಳೆತುಹೋಗಿತ್ತು. ಹಳೆಯ ಮರವೊಂದರ ದೊಡ್ಡ ಕೊಂಬೆ, ಅವರು ಹೇಳಿದ ಹಾಗೆಯೇ ಗಾಳಿಗೆ ಸೀಳಿ ದಾರಿಗೆ ಅಡ್ಡ ಬಿದ್ದಿತ್ತು. ಪುಣ್ಯಕ್ಕೆ ಯಾರಿಗೂ ಪೆಟ್ಟಾಗಿರಲಿಲ್ಲ.

ಮಾರನೇ ದಿನವೇ ಮರಗಸಿಗೆ ಅನುಮತಿ ಕೋರಿ ಪುರಸಭೆಗೆ ಅರ್ಜಿ ಹಾಕಿದೆ. ತಿರಸ್ಕರಿಸಿದರು. ಮತ್ತೆ ಹಾಕಿದೆ. ಈ ಊರಿನಿಂದ ಆ ಊರಿಗೆ ಎಷ್ಟು ಸಲ ಓಡಾಡಿದೆನೋ, ಎಷ್ಟು ಜನರ ಹತ್ತಿರ ಮಾತು ಕೇಳಿದೆನೋ. ಈ ಮೇ ತಿಂಗಳಲ್ಲಿ ಕೊನೆಗೂ ಕರೆದು, ಹೇಗೂ ನೀವೂ ಇಂಜಿನಿಯರೇ, ನೀವೇ ಸ್ಥಳ ನೋಡಿ ಇದನ್ನು ತುಂಬಿಕೊಡಿ ಎಂದು ನಮೂನೆ ಕೊಟ್ಟರು. ಅದೇ ಹಳೆಯ ನಮೂನೆ. ತೋಪಿಗೆ ಹೋಗಿ, ನಿಂತುಕೊಂಡೇ, ಕತ್ತು ನೋಯುವವರೆಗೆ ಒಂದೊಂದು ಮರವನ್ನೂ ಮೇಲೆ ನೋಡಿದೆ. 'ಮರಗಳ ಸ್ಥಿತಿ' ಅನ್ನುವ ಕಲಮಿನಲ್ಲಿ 'ಜೀವಂತ' ಅಂತ ಬರೆದೆ. ಸಹಿ ಹಾಕಿದೆ. ಆ ನಮೂನೆಯಲ್ಲಿ ಊರು ಕೇಳಿರಲಿಲ್ಲ. ಆದರೂ ಸಹಿಯ ಕೆಳಗೆ ಗೋಣಿಬೀಡು ಅಂತ ಬರೆದೆ.