ಉಗುರುಬಣ್ಣದ ಚುಕ್ಕೆ

ಹಲಸೂರಿನಾಚೆ ಟೆಲಿಫೋನ್ ತಯಾರಿಸುತ್ತಿದ್ದ ನಮ್ಮ ಕಾರ್ಖಾನೆಯ ಹಳೆಯ ಷೆಡ್ಡನ್ನು ಮ್ಯೂಸಿಯಂ ಮಾಡುತ್ತಾರೆಂದು ಕೇಳಿದಾಗ ನನ್ನ ಮೈ ಉರಿಯಿತು. ಎಲ್ಲರ ಕೈಗೂ ಮೊಬೈಲ್ ಬಂದು ನಮ್ಮ ಫೋನು ಕೇಳುವವರು ಕಡಿಮೆಯಾಗಿದ್ದರು, ನಿಜ. ಅರ್ಧಕ್ಕರ್ಧ ಹೆಂಗಸರು ಸ್ವಯಂ ನಿವೃತ್ತಿ ತೆಗೆದುಕೊಂಡು ಹೋಗಿದ್ದೂ ನಿಜ. ಹಾಗಂತ ಕಾರ್ಖಾನೆ ಇನ್ನೂ ಉಸಿರಾಡುತ್ತಿರುವಾಗಲೇ ತಿಥಿಗೆ ಅಡುಗೆಯವರನ್ನು ಗೊತ್ತು ಮಾಡುವುದೇ? ಸಾಲದ್ದಕ್ಕೆ, ಹಳೆಯ ಫೋನುಗಳನ್ನು ಒರೆಸಿ ಜೋಡಿಸುವ ಕೆಲಸ ನನ್ನ ತಲೆಗೇ ಬಿತ್ತು.

ಒಂದು ಕಪ್ಪು ಫೋನಿನ ಮುಚ್ಚಳ ಬಿಚ್ಚಿದೆ. ಒಳಗೆ ಗಂಟೆಯ ತಿರುಪಿನ ಮೇಲೆ ಕಡುಗೆಂಪು ಚುಕ್ಕೆ. ಒರೆಸುವ ಬಟ್ಟೆಯನ್ನು ಪಕ್ಕಕ್ಕಿಟ್ಟೆ.

ತೊಂಬತ್ತರ ದಶಕದ ಶುರುವಿನಲ್ಲಿ ನಾನು ಗಂಟೆ ಕೂರಿಸುವ ಸಾಲಿನಲ್ಲಿದ್ದೆ. ದನಿ ಸರಿಹೋಗುವವರೆಗೆ ತಿರುಪು ತಿರುಗಿಸಿ, ಮತ್ತೆ ಅಲುಗದಂತೆ ಅದರ ಮೇಲೊಂದು ತೊಟ್ಟು ಬಣ್ಣ ಹಚ್ಚಬೇಕಿತ್ತು. ಸ್ಟೋರಿನವರು ಕೊಡುತ್ತಿದ್ದ ಬಣ್ಣ ಸದಾ ಗಟ್ಟಿಕಟ್ಟಿರುತ್ತಿತ್ತು. ಪಕ್ಕದಲ್ಲಿ ಕೂರುತ್ತಿದ್ದ ಶಿವಾಜಿನಗರದ ಗೆಳತಿ ಒಂದು ದಿನ ಕಮರ್ಷಿಯಲ್ ಸ್ಟ್ರೀಟಿನಿಂದ ಉಗುರುಬಣ್ಣ ತಂದಳು. ಬೇಗ ಒಣಗಿತು, ಬಿಗಿಯಾಗಿ ಹಿಡಿಯಿತು. ಅಲ್ಲಿಂದಾಚೆ ಸಾಲಿನ ಒಬ್ಬೊಬ್ಬಳಿಗೂ ಒಂದೊಂದು ಬಣ್ಣ. ಅವಳದು ಕಡುಗೆಂಪು, ನನ್ನದು ಗುಲಾಬಿ. ಗಂಟೆ ಕೆಟ್ಟು ಬಂದರೆ ಯಾರ ಕೈಯದೆಂದು ಸೂಪರ್‌ವೈಸರು ಮುಚ್ಚಳ ಬಿಚ್ಚಿದ ಕೂಡಲೇ ಹೇಳುತ್ತಿದ್ದರು. ಬೈಸಿಕೊಂಡೆವು, ಆದರೆ ಒಬ್ಬಳೂ ಬಣ್ಣ ಬದಲಿಸಲಿಲ್ಲ.

ಈಗ ಮ್ಯೂಸಿಯಂ ನೋಡಿಕೊಳ್ಳಲು ಬಂದಿದ್ದ ಹೊಸ ಮ್ಯಾನೇಜರಿಗೆ ಆ ಚುಕ್ಕೆ ಕೊಳೆಯಾಗಿ ಕಂಡಿತು. ಸ್ಪಿರಿಟ್ ಹಾಕಿ ಒರೆಸಿಬಿಡಿ, ಫೋನು ಹೊಸದರಂತೆ ಕಾಣಬೇಕು ಎಂದರು.

"ಒರೆಸಲ್ಲ ಸರ್. ಗೋಡೆ ಮೇಲೆ ಮಾಲೀಕರ ಫೋಟೋ ಇದೆ, ಮೆಷಿನ್ ಫೋಟೋ ಇದೆ. ನಾವೂ ಇಲ್ಲಿದ್ವಿ ಅನ್ನೋದಕ್ಕೆ ಇರೋದು ಇದೊಂದೇ. ಮುಚ್ಚಳ ತೆಗೆದೇ ಇಡೋಣ, ಜನ ನೋಡ್ಲಿ."

ಅವರು ಗೊಣಗಿದರು. ಕೊನೆಗೆ, ಚುಕ್ಕೆ ಇರಲಿ, ಮುಚ್ಚಳ ಮಾತ್ರ ಹಾಕಿಬಿಡಿ ಎಂದು ದೊಡ್ಡ ಮನಸ್ಸು ಮಾಡಿದರು. ಮುಚ್ಚಿಟ್ಟ ಮೇಲೆ ಅದು ಇದ್ದರೆಷ್ಟು, ಬಿಟ್ಟರೆಷ್ಟು? ನಾನು ಹೂಂ ಅನ್ನಲಿಲ್ಲ. ಅವರೇ ಆಳನ್ನು ಕರೆದು ಮುಚ್ಚಿಸಿದರು.

ಉದ್ಘಾಟನೆಗೆ ಗೆಳತಿಯನ್ನು ನಾನೇ ಕರೆದಿದ್ದೆ. ಅವಳು ನಿವೃತ್ತಿ ಪಡೆದು ವರ್ಷಗಳಾಗಿದ್ದವು. ಗಾಜಿನ ಪೆಟ್ಟಿಗೆಯೊಳಗಿನ ಕಪ್ಪು ಫೋನನ್ನು ನೋಡಿ, ಚೆನ್ನಾಗಿಟ್ಟಿದ್ದಾರೆ ಎಂದು ಸುಮ್ಮನೆ ತಲೆಯಾಡಿಸಿದಳು. ನನಗೆ ತಡೆಯಲಾಗಲಿಲ್ಲ. ಪೆಟ್ಟಿಗೆಯ ಕೀಲಿ ನನ್ನ ಬಳಿಯೇ ಇತ್ತು, ಸ್ಕ್ರೂಡ್ರೈವರನ್ನು ಬ್ಯಾಗಿನಲ್ಲಿ ತಂದಿದ್ದೆ. ಅತಿಥಿಗಳಿಗೆ ಹಾರ ಹಾಕುತ್ತಿದ್ದ ಮ್ಯಾನೇಜರ್ ನೋಡನೋಡುತ್ತಿದ್ದಂತೆಯೇ ಫೋನಿನ ಮುಚ್ಚಳ ಕಳಚಿದೆ.

ಅವರು ಅತಿಥಿಗಳನ್ನೂ ಕಟ್ಟಿಕೊಂಡು ಬಂದರು. ಜನರೆದುರು ದನಿ ಏರಿಸಲಾಗದೆ, ಮುಚ್ಚಿ ಮೇಡಂ ಎಂದು ಹಲ್ಲು ಕಚ್ಚಿ ಪಿಸುಗುಟ್ಟಿದರು. ಅಷ್ಟರಲ್ಲಿ ಗೆಳತಿ ಬಗ್ಗಿ ನೋಡಿದ್ದಳು. ನೆಟ್ಟಗೆ ನಿಂತು, ಮ್ಯಾನೇಜರನ್ನು ದಾಟಿ, ನೇರ ಅತಿಥಿಗಳಿಗೇ ಹೇಳಿದಳು:

"ಇದು ನಂದು. ನಾನು ಹಚ್ಚಿದ್ದು."

ಅತಿಥಿಗಳೆಲ್ಲ ಒಬ್ಬೊಬ್ಬರಾಗಿ ಬಗ್ಗಿ ನೋಡಿದರು. ಮ್ಯಾನೇಜರೂ ಬಗ್ಗಬೇಕಾಯಿತು.

ಆ ಮುಚ್ಚಳವನ್ನು ಬ್ಯಾಗಿಗೆ ಹಾಕಿಕೊಂಡು ಹೊಸ ತಿಪ್ಪಸಂದ್ರದ ಮನೆಗೆ ಬಂದೆ. ಮ್ಯಾನೇಜರ್ ಎಷ್ಟು ಸಲ ಕೇಳಿದರೂ ವಾಪಸ್ ಕೊಟ್ಟಿಲ್ಲ.