ಫ್ರಿಡೊಲಿನ್ ಹಾಕಿದ ತೇಪೆ

ಫ್ರಿಡೊಲಿನ್ ಜನರ ಮುಖ ನೋಡುವುದಕ್ಕಿಂತ ಮೊದಲು ಅವರ ಸ್ಕೀಗಳ ತಳ ನೋಡುತ್ತಿದ್ದ. ಮೇಜಿನ ಮೇಲೆ ಮಗುಚಿ ಇಟ್ಟು, ಅಂಗೈಯನ್ನು ತುದಿಯಿಂದ ತುದಿಗೆ ಒಮ್ಮೆ ಸವರಿ, "ಎಡಗಾಲಿಗೇ ಭಾರ ಹಾಕ್ತೀಯಲ್ಲ, ಬಲಗಡೆ ಮಂಡಿ ನೋವಾ?" ಎಂದು ಕೇಳುತ್ತಿದ್ದ. ನೋವು ಇದ್ದೇ ಇರುತ್ತಿತ್ತು.

ಅವನ ಮೇಜಿನಿಂದ ನಾಲ್ಕು ಹೆಜ್ಜೆ ದೂರದಲ್ಲಿ, ಕಿಟಕಿಯ ಕೆಳಗೆ ನನ್ನ ಹೊಲಿಗೆ ಯಂತ್ರ. ಹಿಮಬೆಟ್ಟಗಳ ನಡುವಿನ ನಮ್ಮ ಮೊಂಟಾಫೋನ್ ಕಣಿವೆಯ ಆ ಅಂಗಡಿಯಲ್ಲಿ ನಾನು ಹರಿದ ಸ್ಕೀ ಉಡುಪು ಹೊಲಿಯುತ್ತಿದ್ದೆ, ಅವನು ಹಾಳಾದ ಸ್ಕೀ ಸರಿಮಾಡುತ್ತಿದ್ದ. ಇಪ್ಪತ್ತಾರು ಚಳಿಗಾಲ ಹೀಗೆ ಕಳೆದವು. ನನ್ನ ಗಂಡ ತೀರಿಕೊಂಡ ಮೂರನೆಯ ವಾರ ನಾನು ಮತ್ತೆ ಬಂದು ಯಂತ್ರದ ಮುಂದೆ ಕೂತಾಗ, ಅವನು ತನ್ನ ಬುತ್ತಿಯ ಹುಳಿ ಚೀಸನ್ನು ಅರ್ಧ ಕತ್ತರಿಸಿ ನನ್ನ ಕಡೆ ತಳ್ಳಿದ. ಆಮೇಲೆ ದಿನವೂ ಆ ಅರ್ಧ ನನ್ನದೇ ಆಯಿತು.

ಅವನ ಅಪ್ಪ ಮನೆಯ ಮಾಡಿಗೆ ಹೊದಿಸುವ ಮರದ ಚಕ್ಕೆಗಳನ್ನು ಸೀಳುತ್ತಿದ್ದವನು. ಮರದೊಳಗೆ ನೀರು ಹೊಕ್ಕರೆ ಏನಾಗುತ್ತದೆ ಎಂಬುದನ್ನು ಫ್ರಿಡೊಲಿನ್ ಚಿಕ್ಕಂದಿನಲ್ಲೇ ಕಲಿತಿದ್ದ. ಸ್ಕೀಯ ತಳ ನೋಡಲು ಪ್ಲಾಸ್ಟಿಕ್, ಆದರೆ ಒಳಗಿರುವುದು ಮರ. ಕಲ್ಲು ತಾಗಿ ಬರಿಯ ಗೀರು ಬಿದ್ದಿದ್ದರೆ ಪ್ಲಾಸ್ಟಿಕ್ ಕಡ್ಡಿಯನ್ನು ಉರಿಸಿ, ತೊಟ್ಟಿಕ್ಕಿಸಿ ತುಂಬಿದರಾಯಿತು. ಮರ ಕಾಣುವಷ್ಟು ಕಿತ್ತುಹೋಗಿದ್ದರೆ ಆ ತೊಟ್ಟು ನಿಲ್ಲುವುದಿಲ್ಲ. ಆಗ ಮೊದಲು ಸ್ಕೀಯನ್ನು ಒಂದು ಇಡೀ ದಿನ ಒಣಗಲು ಬಿಡಬೇಕು. ಹಾಳಾದ ಜಾಗವನ್ನು ಚೊಕ್ಕವಾಗಿ ಕೊರೆದು ತೆಗೆಯಬೇಕು. ಅದೇ ಅಳತೆಯ ತುಂಡನ್ನು ಹಳೆಯ ಸ್ಕೀಯ ತಳದಿಂದ ಕತ್ತರಿಸಿ, ಅಂಟು ಹಾಕಿ ಕೂರಿಸಿ, ಕ್ಲಾಂಪಿನಲ್ಲಿ ಬಿಗಿದು ಇನ್ನೊಂದು ದಿನ ಇಡಬೇಕು. ಆಮೇಲೆ ಹೆರೆಯುವುದು, ಮೇಣ ಹಾಕುವುದು. ತುಂಡಿನ ಮೂಲೆಗಳು ದುಂಡಗಿರಬೇಕು, ಚೂಪು ಮೂಲೆ ಬೇಗ ಏಳುತ್ತದೆ. ಬಟ್ಟೆಗೆ ನಾನು ಹಾಕುವ ತೇಪೆಯೂ ಹಾಗೆಯೇ.

ಅವನಿಗೆ ಹೆಂಡತಿ ಮಕ್ಕಳಿರಲಿಲ್ಲ, ಹೊಲ ದನ ಇರಲಿಲ್ಲ. ಫ್ರಿಡೊಲಿನ್ ಹಾಕಿದ ತೇಪೆ ಬೀಳುವುದಿಲ್ಲ ಎಂದು ಕಣಿವೆಯ ಜನ ಹೇಳುತ್ತಿದ್ದರಲ್ಲ, ಅದೊಂದೇ ಅವನ ಆಸ್ತಿ. ಅದಕ್ಕೇ ಕೈ ಹಾಕಿದ ಎಗೊನ್.

ಎಗೊನ್ ಎಂದರೆ ನಮ್ಮ ಹಳೆಯ ಯಜಮಾನರ ಅಳಿಯ. ಅಂಗಡಿ ಅವನ ಕೈಗೆ ಬಂದ ವರ್ಷವೇ ಹಸುವಿನಷ್ಟು ದೊಡ್ಡ ಸಾಣೆ ಯಂತ್ರ ಬಂತು, ಬಾಗಿಲಲ್ಲಿ "ಯಾವ ರಿಪೇರಿಯಾದರೂ ಇಪ್ಪತ್ತು ನಿಮಿಷ" ಎಂಬ ಹಲಗೆ ಬಂತು. ಮರ ಕಂಡರೂ ಸರಿ, ಉಕ್ಕಿನ ಅಂಚು ಎದ್ದಿದ್ದರೂ ಸರಿ, ತೊಟ್ಟಿಕ್ಕಿಸು, ಸಾಣೆ ಹಿಡಿ, ಮೇಣ ಬಳಿ, ಕೊಡು. ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಹೊಳೆದರೆ ಏನು ಬಂತು!

"ವಾರ ಇದ್ದು ಹೋಗೋ ಪ್ರವಾಸಿಗಳು ಕಣೋ ಅವರು. ಊರಿಗೆ ಹೋದ್ಮೇಲೆ ತೇಪೆ ಬಿದ್ರೆ ಯಾರು ಕೇಳ್ತಾರೆ?" ಎನ್ನುತ್ತಿದ್ದ ಎಗೊನ್.

"ಬೀಳೋದು ಊರಿಗೆ ಹೋದ್ಮೇಲಲ್ಲ, ಬೆಟ್ಟದ ಮೇಲೆ," ಎನ್ನುತ್ತಿದ್ದ ಫ್ರಿಡೊಲಿನ್.

ಕ್ರಿಸ್‌ಮಸ್‌ಗೆ ಮುಂಚಿನ ಮಂಗಳವಾರ ಮೆಲಿಟಾ ತನ್ನ ಸ್ಕೀ ತಂದಳು. ಬೆಟ್ಟದಲ್ಲಿ ಬಿದ್ದು ಕಾಲು ಮುರಿದುಕೊಂಡವರನ್ನು ಜಾರುಗಾಡಿಯಲ್ಲಿ ಮಲಗಿಸಿ ಕೆಳಗೆ ತರುವುದು ಅವಳ ಕೆಲಸ. ಬಲಗಾಲಿನ ಸ್ಕೀ, ಬೂಟಿನ ಅಡಿಯಲ್ಲೇ, ಹೆಬ್ಬೆರಳಿನಷ್ಟು ಅಗಲ ಕಿತ್ತುಹೋಗಿತ್ತು. ಒಳಗಿನ ಮರ ಕಾಣುತ್ತಿತ್ತು, ಅದರಿಂದ ನೀರು ಜಿನುಗುತ್ತಿತ್ತು. ಫ್ರಿಡೊಲಿನ್ ಆ ದಿನ ಹಲ್ಲು ಕೀಳಿಸಲು ಕೆಳಗಿನ ಪಟ್ಟಣಕ್ಕೆ ಹೋಗಿದ್ದ. ಎಗೊನ್ ಒಂದು ಬಟ್ಟೆಯಿಂದ ಮೇಲೆ ಮೇಲೆ ಒರೆಸಿದ. ಒಂದೇ ಸಲ! ಒದ್ದೆ ಮರದ ಮೇಲೆಯೇ ತೊಟ್ಟಿಕ್ಕಿಸಿ, ಯಂತ್ರಕ್ಕೆ ಕೊಟ್ಟು, ಮೇಣ ಬಳಿದ. ನಾನು ಒಂದು ಜಿಪ್ಪು ಬಿಚ್ಚಿ ಹೊಸದು ಹಾಕುವಷ್ಟರಲ್ಲಿ ಅವನ ರಿಪೇರಿ ಮುಗಿದಿತ್ತು. ನಾನು ನೋಡಿದೆ, ಬಾಯಿ ಬಿಡಲಿಲ್ಲ. ಅದಕ್ಕೆ ಈಗಲೂ ನನ್ನ ಮೇಲೆ ನನಗೇ ಸಿಟ್ಟಿದೆ.

ನೀರು ತುಂಬಿದ ಸೀಸೆಯನ್ನು ಜನವರಿಯಲ್ಲಿ ಹೊರಗಿಟ್ಟರೆ ಒಡೆಯುತ್ತದೆಂದು ನಮ್ಮೂರಿನ ಕೋಳಿಗೂ ಗೊತ್ತು. ಬೆಟ್ಟದ ಮೇಲಿನ ಚಳಿಗೆ ಮರದೊಳಗಿನ ನೀರು ಹೆಪ್ಪುಗಟ್ಟಿ ಉಬ್ಬಿತು, ತೊಟ್ಟನ್ನು ಹೊರಕ್ಕೆ ದೂಡಿತು. ಗುರುವಾರ ಮೆಲಿಟಾ ಕಾಲು ಮುರಿದ ಒಬ್ಬ ಮುದುಕನನ್ನು ಇಳಿಸಿಕೊಂಡು ಬರುತ್ತಿದ್ದಾಗ ಸ್ಕೀ ಹಿಮವನ್ನು ಕಚ್ಚಿಕೊಂಡಿತು. ಅವಳು ಮುಗ್ಗರಿಸಿದಳು, ಜಾರುಗಾಡಿ ಹೋಗಿ ಅಂಚಿನ ಬಲೆಗೆ ಬಡಿಯಿತು. ಅದರಾಚೆ ಕಂದರ, ಬಲೆ ಇಲ್ಲದಿದ್ದರೆ ಮುದುಕ ಉಳಿಯುತ್ತಿರಲಿಲ್ಲ.

ಮಧ್ಯಾಹ್ನ ಅವಳು ಸ್ಕೀಯನ್ನು ನಮ್ಮ ಅಂಗಡಿಯ ನೆಲಕ್ಕೆ ಕುಕ್ಕಿದಳು. "ಯಾರು ಮಾಡಿದ್ದು ಇದನ್ನ?"

ಒಳಗೆ ಎಂಟು ಹತ್ತು ಗಿರಾಕಿಗಳಿದ್ದರು. ಎಗೊನ್ ಕಣ್ಣೂ ಮಿಟುಕಿಸಲಿಲ್ಲ. "ರಿಪೇರಿ ಎಲ್ಲಾ ಫ್ರಿಡೊಲಿನ್ನದೇ. ವಯಸ್ಸಾಯ್ತು ನೋಡು, ಕೈ ನಡುಗುತ್ತೆ."

ಫ್ರಿಡೊಲಿನ್‌ನ ಕೆನ್ನೆ ಇನ್ನೂ ಊದಿಕೊಂಡಿತ್ತು, ಮಾತು ಸರಿಯಾಗಿ ಹೊರಡುತ್ತಿರಲಿಲ್ಲ. ನನಗೆ ತಡೆಯಲಾಗಲಿಲ್ಲ. ಯಂತ್ರ ನಿಲ್ಲಿಸಿ ಎದ್ದೆ.

"ಎಗೊನ್, ನಿನ್ನ ಮಾವ ಇದ್ದಿದ್ರೆ ನಿನ್ನ ಕಿವಿ ಹಿಂಡ್ತಿದ್ರು. ಮಂಗಳವಾರ ಫ್ರಿಡೊಲಿನ್ ಇಲ್ಲಿ ಇರ್ಲೇ ಇಲ್ಲ. ಮಾಡಿದ್ದು ನೀನು. ಒದ್ದೆ ಮರದ ಮೇಲೆ. ನಾನು ಇಲ್ಲೇ ಕೂತು ನೋಡಿದ್ದೀನಿ."

"ಓಟಿಲಿಯಾ, ನಿನಗ್ಯಾಕೆ ಇದೆಲ್ಲ? ನೀನು ದಾರ ಪೋಣಿಸು."

"ದಾರ ಪೋಣಿಸೋ ಕಣ್ಣೇ ಕಣೋ ಇದು. ಸೂಜಿ ಕಣ್ಣು ಕಾಣುತ್ತೆ, ನಿನ್ನ ಕೆಲಸ ಕಾಣಲ್ವಾ?"

ಯಾರೋ ನಕ್ಕರು. ಫ್ರಿಡೊಲಿನ್ ಮಾತ್ರ ನಗಲಿಲ್ಲ. ಸ್ಕೀಯನ್ನು ಮಗುಚಿ ಮೇಜಿನ ಮೇಲಿಟ್ಟು, ಉಳಿದಿದ್ದ ತೊಟ್ಟಿನ ಕೆಳಗೆ ಉಗುರು ತೂರಿಸಿದ. ಅದು ಒಣಗಿದ ಗಾಯದ ಹಕ್ಕಳೆಯಂತೆ ಎದ್ದು ಬಂತು, ಅಡಿಯಲ್ಲಿ ಮಂಜುಗಡ್ಡೆ. ಆ ತೊಟ್ಟನ್ನು ಮೆಲಿಟಾಳ ಅಂಗೈಯಲ್ಲಿಟ್ಟ.

"ಶನಿವಾರ ಮಧ್ಯಾಹ್ನ ಬಾ," ಎಂದ.

"ಎರಡು ದಿನ ಈ ಒಂದು ಸ್ಕೀ ಮೇಜು ಹಿಡ್ಕೊಂಡಿರೋದಾ? ಹಬ್ಬದ ವಾರದಲ್ಲಿ?" ಎಗೊನ್ ಕೂಗಿದ. ಆಮೇಲೆ ದನಿ ತಗ್ಗಿಸಿ ಹೇಳಿದ. "ಫೋನಿಯರ್ ಅವರೇ, ತಾವು ಬೇರೆ ಎಲ್ಲಾದ್ರೂ ಮೇಜು ನೋಡ್ಕೊಳ್ಳಿ."

ಫೋನಿಯರ್ ಎಂಬುದು ಫ್ರಿಡೊಲಿನ್‌ನ ಮನೆತನದ ಹೆಸರು. ಬೆಟ್ಟದ ಜನ ನಾವು ಪರಸ್ಪರ ಬಹುವಚನ ಬಳಸುವುದಿಲ್ಲ, ತೆರಿಗೆ ಅಧಿಕಾರಿ ಬಂದರೆ ಮಾತ್ರ. ಕಪಾಳಕ್ಕೆ ಹೊಡೆದಿದ್ದರೂ ಅಷ್ಟು ಉರಿಯುತ್ತಿರಲಿಲ್ಲ.

ಫ್ರಿಡೊಲಿನ್ ತನ್ನ ಸ್ವಂತದ ನಾಲ್ಕು ಕ್ಲಾಂಪು, ಅಂಟಿನ ಡಬ್ಬಿ, ಅರ, ಹೆರೆಯುವ ಉಕ್ಕಿನ ಪಟ್ಟಿ ಎಲ್ಲವನ್ನೂ ಏಪ್ರನ್ನಿನಲ್ಲಿ ಕಟ್ಟಿಕೊಂಡ. ಸ್ಕೀ ಕಂಕುಳಿಗೆ ಬಂತು.

"ಜಾರುಗಾಡಿ ಇಡೋ ನಮ್ಮ ಶೆಡ್ಡಿನಲ್ಲಿ ಒಲೆ ಇದೆ," ಎಂದಳು ಮೆಲಿಟಾ. "ಮೇಜೂ ಇದೆ, ಸ್ವಲ್ಪ ಓಲಾಡುತ್ತೆ."

"ಓಲಾಡೋ ಮೇಜಿನ ಮೇಲೆ ನಾನು ಕೆಲಸ ಮಾಡಲ್ಲ," ಎಂದ ಫ್ರಿಡೊಲಿನ್. "ಮೊದಲು ಅದರ ಕಾಲು ಸರಿಮಾಡ್ತೀನಿ."

ಶುಕ್ರವಾರವಿಡೀ ಸ್ಕೀ ಒಲೆಯಿಂದ ಎರಡು ಮಾರು ದೂರದಲ್ಲಿ ಒಣಗಿತು. ಹತ್ತಿರ ಇಟ್ಟರೆ ಅಂಚಿನ ಅಂಟು ಬಿಡುತ್ತದೆ. ಆ ರಾತ್ರಿ ಅವನು ತುಂಡು ಕೂರಿಸಿ ಕ್ಲಾಂಪು ಬಿಗಿದ. ಅಂಟು ಹಿಡಿದದ್ದು ಸಾಲದೆನಿಸಿ ಶನಿವಾರ ಬಂದ ಮೆಲಿಟಾಳನ್ನು ಬರಿಗೈಯಲ್ಲಿ ವಾಪಸ್ ಕಳಿಸಿದ. ಅವಳು ಬೈದಳಂತೆ. ಭಾನುವಾರ ಕೊಟ್ಟ. ತೇಪೆಯ ಗೆರೆ ಎಲ್ಲಿದೆ ಎಂದು ನಾನು ಕನ್ನಡಕ ಹಾಕಿಕೊಂಡು ಹುಡುಕಿದೆ, ಬೆರಳಿಗೆ ಸಿಗಲಿಲ್ಲ. ಆ ಚಳಿಗಾಲ ಮುಗಿಯುವವರೆಗೆ ಅವಳು ಐವತ್ತಮೂರು ಜನರನ್ನು ಅದೇ ಸ್ಕೀಯ ಮೇಲೆ ಕೆಳಗೆ ತಂದಳು.

ಈಗ ಫ್ರಿಡೊಲಿನ್ ಆ ಶೆಡ್ಡಿನಲ್ಲೇ ಕೂರುತ್ತಾನೆ. ಎಗೊನ್ ಅವನನ್ನು ಕರೆಯಲಿಲ್ಲ, ತಪ್ಪಾಯಿತು ಎನ್ನಲಿಲ್ಲ. ನನ್ನನ್ನು ಮಾತ್ರ ಇಟ್ಟುಕೊಂಡಿದ್ದಾನೆ, ಜಿಪ್ಪು ಹಾಕಲು ಬೇರೆ ಯಾರೂ ಇಲ್ಲ. ಮರ ಕಾಣುವ ಸ್ಕೀ ಹಿಡಿದು ಯಾರಾದರೂ ಒಳಗೆ ಬಂದರೆ ನಾನು ಹೊಲಿಗೆ ನಿಲ್ಲಿಸುತ್ತೇನೆ. "ಇಲ್ಲಿ ಕೊಡಬೇಡಪ್ಪ. ಕೇಬಲ್ ಕಾರ್ ನಿಲ್ದಾಣದ ಹಿಂದೆ ಶೆಡ್ಡಿದೆ, ಅಲ್ಲಿಗೆ ಹೋಗು. ಮೂರು ದಿನ ಆಗುತ್ತೆ, ಕಾಯಿ," ಎನ್ನುತ್ತೇನೆ. ಪಿಸುಗುಟ್ಟುವುದಿಲ್ಲ. ಎಗೊನ್‌ಗೆ ಕೇಳಲಿ ಎಂದೇ ಗಟ್ಟಿಯಾಗಿ ಹೇಳುತ್ತೇನೆ.