ಸ್ಪೀಕರ್ ಇಲ್ಲದ ಕಡೆಯಿಂದ ಬಂದ ದನಿ

ದೆವ್ವ, ಪ್ರೇತ, ಅಶರೀರವಾಣಿ ಎಂದು ಯಾರಾದರೂ ಶುರು ಮಾಡಿದರೆ ನಾನು ಎದ್ದು ಚಪ್ಪಲಿ ಹುಡುಕುತ್ತಿದ್ದೆ. ಇಂಥ ಕಥೆ ಹೇಳುವವರಿಗೆ ಒಂದೋ ನಿದ್ದೆ ಸಾಲದು, ಇಲ್ಲವೇ ಕೇಳುಗರು ಸಾಲದು ಎಂಬುದು ನನ್ನ ಅಭಿಪ್ರಾಯವಾಗಿತ್ತು. ಈಗ ನಾನೇ ಅಂಥದೊಂದನ್ನು ಬರೆಯಲು ಕೂತಿದ್ದೇನೆ. ನೀವು ನಗಬಹುದು. ನಿಮ್ಮ ಜಾಗದಲ್ಲಿದ್ದರೆ ನಾನೂ ನಗುತ್ತಿದ್ದೆ.

ಎಂಬತ್ತರ ದಶಕದ ಮೊದಲ ವರ್ಷಗಳು. ಗಲ್ಫಿನಿಂದ ರಜೆಗೆ ಬಂದವರ ಜೊತೆ ಮಂಗಳೂರಿನ ಮನೆಗಳಿಗೆ ಸ್ಟೀರಿಯೋ ಸೆಟ್ಟುಗಳು ಬರುತ್ತಿದ್ದ ಕಾಲ. ತಂದವರು ಎರಡು ಸ್ಪೀಕರುಗಳನ್ನೂ ಶೋಕೇಸಿನ ಮೇಲೆ ಗೊಂಬೆಗಳ ಹಾಗೆ ಒತ್ತಿ ಕೂರಿಸಿ, ಮೇಲೊಂದು ಕಸೂತಿ ಬಟ್ಟೆ ಹೊದಿಸಿ, ಸದ್ದು ಜೋರಾಗಿದ್ದರೆ ಸಾಕು ಎಂದುಕೊಳ್ಳುತ್ತಿದ್ದರು. ನನಗೆ ಅದನ್ನು ಕಂಡರೆ ಮೈ ಉರಿಯುತ್ತಿತ್ತು. ಬ್ಯಾಂಕಿನ ಕೆಲಸ ಮುಗಿಸಿ, ಅಳತೆಯ ಟೇಪು ಹಿಡಿದು ಪರಿಚಯದವರ ಮನೆಗೆ ಹೋಗಿ ಸ್ಪೀಕರುಗಳ ಜಾಗ ಸರಿಪಡಿಸುವುದು ನನ್ನ ಹುಚ್ಚು. ಗೋಡೆಯಿಂದ ಒಂದಿಷ್ಟು ಮುಂದೆ, ಕೂತವರ ಕಿವಿಯ ಎತ್ತರಕ್ಕೆ, ಎರಡರಿಂದಲೂ ಕುರ್ಚಿಗೆ ಸಮ ದೂರ. ಹಾಗೆ ಇಟ್ಟರೆ ಹಾಡುವವರ ದನಿ ಎರಡು ಪೆಟ್ಟಿಗೆಗಳ ನಡುವಿನ ಖಾಲಿ ಜಾಗದಿಂದ, ಅಲ್ಲೇ ಯಾರೋ ನಿಂತಿದ್ದಾರೆ ಎಂಬಂತೆ ಬರುತ್ತದೆ. ಅದು ಕಿವಿಗೆ ಆಗುವ ಮೋಸ, ಅಷ್ಟೆ. ಪೆಟ್ಟಿಗೆಗಳಿಗೆ ಪ್ರತಿಷ್ಠೆ ಮಾಡಲು ಹೊರಟರು ಎಂದು ನನ್ನ ಹೆಂಡತಿ ತಮಾಷೆ ಮಾಡುತ್ತಿದ್ದಳು. ಸದ್ದು ಎಲ್ಲಿ ನಿಂತಿದೆ ಎಂದು ಬೆರಳು ಮಾಡಿ ತೋರಿಸುವುದೊಂದೇ ನನಗೆ ಗೊತ್ತಿದ್ದ ವಿದ್ಯೆ.

ಬಿಕರ್ನಕಟ್ಟೆಯ ಸ್ಟ್ಯಾನಿ ನನ್ನ ಶಾಲೆಯ ಗೆಳೆಯ. ಬಹರೈನಿನಲ್ಲಿ ಕೆಲಸದಲ್ಲಿದ್ದ. ಅವನ ತಾಯಿ ಮೊಂತಿಬಾಯಿ ಹಠಾತ್ತಾಗಿ ತೀರಿಕೊಂಡರು. ಇವನು ವಿಮಾನ ಸಿಕ್ಕಿ, ಬೊಂಬಾಯಿಯಿಂದ ಬಸ್ಸು ಹಿಡಿದು ಬರುವಷ್ಟರಲ್ಲಿ ಮಣ್ಣು ಕೊಟ್ಟಾಗಿತ್ತು. ತಾಯಿಗೆಂದೇ ಮೊದಲೇ ಕೊಂಡಿಟ್ಟಿದ್ದ ಸ್ಟೀರಿಯೋ ಸೆಟ್ಟನ್ನು ಅವರಿಲ್ಲದ ಮನೆಗೆ ತಂದಿದ್ದ. ಪೆಟ್ಟಿಗೆ ಬಿಚ್ಚಲೂ ಅವನಿಗೆ ಮನಸ್ಸಿರಲಿಲ್ಲ. ನನಗೆ ಹೇಳಿಕಳಿಸಿದವರು ಅವನ ತಂದೆ, ನಿವೃತ್ತ ಶಾಲಾ ಶಿಕ್ಷಕರಾದ ಫೆಲಿಕ್ಸ್ ಮಾಸ್ಟ್ರು.

ಮಾಸ್ಟ್ರಿಗೆ ಬೇಕಾಗಿದ್ದದ್ದು ಸಂಗೀತವಲ್ಲ, ಒಂದು ಕ್ಯಾಸೆಟ್ಟು. ಅವರ ಮನೆಯಲ್ಲಿ ಸಂಜೆ ಎಲ್ಲರೂ ದೇವರ ಪೀಠದ ಮುಂದೆ ಮಂಡಿಯೂರಿ ತೇರ್ಸು, ಅಂದರೆ ಜಪಸರದ ಪ್ರಾರ್ಥನೆ, ಮಾಡುವ ಪದ್ಧತಿ. ಒಬ್ಬರು ಅರ್ಧ ಹೇಳಬೇಕು, ಉಳಿದವರು ಇನ್ನರ್ಧ ಹೇಳಿ ಮುಗಿಸಬೇಕು. ಸ್ಟ್ಯಾನಿ ಗಲ್ಫಿಗೆ ಹೋದ ಮೇಲೆ ಮೊಂತಿಬಾಯಿ ಅದನ್ನು ಸಣ್ಣ ಟೇಪ್ ರೆಕಾರ್ಡರಿನಲ್ಲಿ ಹಿಡಿದು, ಊರಿಗೆ ಬಂದಿದ್ದ ಒಬ್ಬರ ಕೈಯಲ್ಲಿ ಮಗನಿಗೆ ಕಳಿಸಿದ್ದರು. ಮುಂದೆ ಹೇಳುವ ದನಿ ಅವರದು, ಉತ್ತರಿಸುವ ದನಿಗಳು ಮಾಸ್ಟ್ರದೂ ಮಗಳು ಐರಿನಳದೂ. ಮಗ ಅಲ್ಲಿ ದಿನಾ ಸಂಜೆ ಅದನ್ನು ಹಾಕಿಕೊಂಡು ಜೊತೆಗೆ ಉತ್ತರ ಹೇಳಬೇಕು ಎಂಬುದು ತಾಯಿಯ ಆಸೆ. ಹೇಳುತ್ತೇನೆ ಎಂದು ಅವನು ಪ್ರತಿ ಕಾಗದದಲ್ಲೂ ಬರೆಯುತ್ತಿದ್ದ. ಆ ಒಂದು ನೆಮ್ಮದಿಯಲ್ಲೇ ಅವಳು ಕಣ್ಣು ಮುಚ್ಚಿದಳು ಎಂದು ಮಾಸ್ಟ್ರು ನನಗೆ ಹೇಳಿದರು.

"ಆ ಕ್ಯಾಸೆಟ್ ನಿನ್ನ ಹತ್ತಿರ ಉಂಟಲ್ಲ, ಹಾಕು. ಅವಳ ದನಿ ಬೇರೆ ಎಲ್ಲಿಯೂ ಇಲ್ಲ," ಎಂದರು ಮಗನಿಗೆ. ಸ್ಟ್ಯಾನಿ ಸೂಟ್‌ಕೇಸಿನ ತಳದಿಂದ ಅದನ್ನು ತೆಗೆದು ತರಲು ಬಹಳ ಹೊತ್ತು ಮಾಡಿದ. ದುಃಖ, ಪಾಪ, ಎಂದುಕೊಂಡೆ.

ನಾನು ಪೀಠದ ಎರಡೂ ಬದಿಗೆ ಸ್ಪೀಕರು ಇಟ್ಟು, ಅಳೆದು, ಬಾಗಿಲಿಗೆ ಬೆನ್ನಾಗುವಂತೆ ನಡುವೆ ಮಾಸ್ಟ್ರ ಕುರ್ಚಿ ಹಾಕಿದೆ. ಹೊರಗೆ ಕತ್ತಲಾಗುತ್ತಿತ್ತು. ಗಾಳಿ ಇಲ್ಲದ ಸೆಕೆ. ಒಂದೇ ಮೈಕಿನಲ್ಲಿ ಹಿಡಿದ ಟೇಪಿನಲ್ಲಿ ಎಡ ಬಲ ಎಂಬುದಿರುವುದಿಲ್ಲ, ಎಲ್ಲ ದನಿಗಳೂ ನಟ್ಟನಡುವಿನಿಂದಲೇ ಬರಬೇಕು. ಹಾಗೆಯೇ ಬಂದವು. ಪೀಠದ ಬಳಿಯೇ ಇದ್ದಾರೋ ಎಂಬಂತೆ ಮೊಂತಿಬಾಯಿ ಹೇಳಿದರು, ಟೇಪಿನಲ್ಲಿದ್ದ ಮಾಸ್ಟ್ರೂ ಐರಿನ್ನೂ ಉತ್ತರಿಸಿದರು. ಕುರ್ಚಿಯಲ್ಲಿದ್ದ ಮಾಸ್ಟ್ರು ಕಣ್ಣು ಮುಚ್ಚಿಕೊಂಡರು. ನನಗೆ ಒಳ್ಳೆಯ ಕೆಲಸ ಮಾಡಿದೆ ಎಂಬ ಸಮಾಧಾನವಾಯಿತು.

ಆಗ ನನ್ನ ಬೆನ್ನ ಹಿಂದೆ, ಬಾಗಿಲ ಕಡೆಯಿಂದ, ಇನ್ನೊಂದು ದನಿ ಉತ್ತರ ಹೇಳಿತು. ಗಡಸು ದನಿ, ಪದಗಳ ಕೊನೆಯನ್ನು ನುಂಗುತ್ತ, ಉಳಿದವರಿಗಿಂತ ಅರ್ಧ ಮಾತು ಹಿಂದೆ. ಸ್ಟ್ಯಾನಿಯ ದನಿ, ನನಗೆ ಚಿಕ್ಕಂದಿನಿಂದ ಗೊತ್ತು. ಅವನೂ ಜೊತೆಗೆ ಹೇಳುತ್ತಿದ್ದಾನೆ ಎಂದು ತಿರುಗಿ ನೋಡಿದೆ. ಬಾಗಿಲಲ್ಲಿ ಯಾರೂ ಇರಲಿಲ್ಲ. ಸ್ಟ್ಯಾನಿ ಕಿಟಕಿಯ ಬಳಿ ಗೋಡೆಗೆ ಒರಗಿ, ತುಟಿ ಬಿಗಿದುಕೊಂಡು, ಬಾಗಿಲನ್ನೇ ನೋಡುತ್ತಿದ್ದ.

ಮುಂದಿನ ಸ್ಪೀಕರಿನ ಸದ್ದು ಹಿಂದಿನ ಗೋಡೆಗೆ ಬಡಿದು ಮರಳುವುದುಂಟು. ಅದೇ ಇರಬೇಕೆಂದು ಬ್ಯಾಲೆನ್ಸ್ ಗುಂಡಿಯನ್ನು ಪೂರ್ತಿ ಎಡಕ್ಕೆ ತಿರುಗಿಸಿದೆ. ಮೂರು ದನಿಗಳೂ ಎಡದ ಪೆಟ್ಟಿಗೆಗೆ ಹೋದವು. ಬಾಗಿಲಿನದು ಕದಲಲಿಲ್ಲ. ಬಲದ ತಂತಿಯನ್ನೇ ಕಿತ್ತೆ, ಆಗಲೂ ಅದು ನಿಲ್ಲಲಿಲ್ಲ. ಮೆಲ್ಲನೆ ಎದ್ದು ಬಾಗಿಲ ಹತ್ತಿರ ಹೋದೆ. ದನಿ ನನ್ನ ಸೊಂಟದ ಮಟ್ಟದಲ್ಲಿ, ಮಂಡಿಯೂರಿದವನ ಬಾಯಿ ಎಲ್ಲಿರುತ್ತದೋ ಅಲ್ಲಿಂದ ಬರುತ್ತಿತ್ತು. ಕೈ ಚಾಚಿದ್ದರೆ ತಾಗುತ್ತಿತ್ತೇನೋ. ನಾನು ಚಾಚಲಿಲ್ಲ.

ಟೇಪು ಮುಗಿದಾಗ ಮಾಸ್ಟ್ರ ಮುಖ ಒದ್ದೆಯಾಗಿತ್ತು, ಆದರೆ ಸಾವಾದ ಮೇಲೆ ಮೊದಲ ಸಲ ಅಲ್ಲೊಂದು ನಗು ಕಂಡಿತು.

"ಅದು ಇವನ ಜಾಗ. ಆಟ ಮುಗಿಸಿ ತಡವಾಗಿ ಬಂದು ಅಲ್ಲೇ ಕೂರ್ತಿದ್ದ. ಇವನು ಗಲ್ಫಿಗೆ ಹೋದ ಮೇಲೂ, 'ಸ್ಟ್ಯಾನಿ ಬಾಗಿಲಿನಿಂದ ಉತ್ತರ ಹೇಳ್ತಾನೆ, ನಿಮಗೆ ಕೇಳುವುದಿಲ್ಲವಾ' ಅಂತ ಅವಳು ದಿನಾ ಕೇಳ್ತಿದ್ದಳು. ನಾನು ಬೈತಿದ್ದೆ. ಇವತ್ತು ನನಗೂ ಕೇಳಿತು," ಎಂದರು. ಮಗನನ್ನು ಹತ್ತಿರ ಕರೆದು ತಲೆ ಸವರಿದರು. ಅಷ್ಟು ದೂರದಿಂದ ಇವನು ಮಾಡಿದ ಪ್ರಾರ್ಥನೆ ಮನೆಗೆ ತಲುಪುತ್ತಿತ್ತು ಎಂಬುದರಲ್ಲಿ ಅವರಿಗೆ ಸಂಶಯವೇ ಉಳಿದಿರಲಿಲ್ಲ.

ನನ್ನನ್ನು ಕಳಿಸಲು ಸ್ಟ್ಯಾನಿ ಗೇಟಿನವರೆಗೆ ಬಂದ. ಗೇಟು ಹಿಡಿದುಕೊಂಡು ನಿಂತ.

"ಆ ಕ್ಯಾಸೆಟ್ ನಾನು ಒಂದು ದಿನವೂ ಹಾಕಿದ್ದಿಲ್ಲ ಮಾರಾಯ. ರೂಮು ತುಂಬ ಜನ. ಮೊದಲು ನಾಚಿಕೆ, ಮತ್ತೆ ಉದಾಸೀನ. ಪ್ರಾರ್ಥನೆಯನ್ನೇ ಬಿಟ್ಟಿದ್ದೆ. ಮಮ್ಮಿಗೆ ಬರೆದದ್ದೆಲ್ಲ ಸುಳ್ಳು." ನನ್ನ ಕಡೆ ತಿರುಗಿ ಕೇಳಿದ, "ಹಾಗಾದರೆ ಇಷ್ಟು ದಿನ ಅವಳಿಗೆ ಉತ್ತರ ಹೇಳಿದ್ದು ಯಾರು? ನಿನಗೆ ಸದ್ದಿನ ವಿಷಯ ಗೊತ್ತುಂಟಲ್ಲ, ಹೇಳು."

ಗೋಡೆಗೆ ಬಡಿದು ಮರಳಿದ ಸದ್ದಲ್ಲ ಎಂದಷ್ಟೇ ಹೇಳಿದೆ. ಇದನ್ನು ಪಪ್ಪನಿಗೆ ಎಂತ ಹೇಳುವುದು ಎಂದ.

ಅಷ್ಟರಲ್ಲಿ ಒಳಗೆ ಮಾಸ್ಟ್ರು ಕ್ಯಾಸೆಟ್ಟನ್ನು ಹಿಂದೆ ಸುತ್ತಿಸಿ ಮತ್ತೆ ಹಾಕಿದರು. ಮೊಂತಿಬಾಯಿಯ ದನಿ ಅಂಗಳಕ್ಕೆ ಕೇಳಿತು. ಸ್ಟ್ಯಾನಿ ಗೇಟು ಬಿಟ್ಟು ಒಳಗೆ ಹೋದ. ಹೊಸ್ತಿಲು ದಾಟಿ, ಅದೇ ಜಾಗದಲ್ಲಿ ಮಂಡಿಯೂರಿದ್ದು ಗೇಟಿನಿಂದ ನನಗೆ ಕಂಡಿತು. ಬೆನ್ನು ನನ್ನ ಕಡೆಗಿತ್ತು.

ನಾನು ಹೋಗಲಾರದೆ ನಿಂತೆ. ಬಾಗಿಲಿನಿಂದ ಒಂದೇ ದನಿ ಉತ್ತರ ಹೇಳುತ್ತಿತ್ತು, ಅರ್ಧ ಮಾತು ಹಿಂದೆ. ಸದ್ಯ, ಇವನೇ ಹೇಳುತ್ತಿದ್ದಾನೆ ಎಂದು ಉಸಿರು ಬಿಟ್ಟೆ. ಆಮೇಲೆ ಅವನು ಪಕ್ಕಕ್ಕೆ ಹೊರಳಿದಾಗ ಒಳಗಿನ ಬೆಳಕಿನಲ್ಲಿ ನೋಡುತ್ತೇನೆ, ಸ್ಟ್ಯಾನಿ ಎರಡೂ ಕೈಗಳಿಂದ ಬಾಯಿ ಮುಚ್ಚಿಕೊಂಡು ನೆಲದವರೆಗೆ ಬಾಗಿದ್ದ. ಅಳುವಿಗೆ ಅವನ ಭುಜಗಳು ಕುಲುಕುತ್ತಿದ್ದವು. ಉತ್ತರ ಹೇಳುವ ದನಿ ಮಾತ್ರ ಎಲ್ಲೂ ತಡವರಿಸಲಿಲ್ಲ.